ಆನ್‌ಲೈನ್ ಹರಾಜು ಕಂಪನಿ ಕಟ್ಟುವುದು: ಮೊದಲ ಲಾಟಿನಿಂದ ಎರಡನೇ ಊರಿನವರೆಗೆ

ಓದುಗರಿಂದ ಪದೇಪದೇ ಬರುವ ಪ್ರಶ್ನೆ ಇದು: "ಹರಾಜಿನ ಆ್ಯಪ್ ಮಾಡಿಸಬೇಕು, ಎಷ್ಟು ಖರ್ಚಾಗುತ್ತೆ?" ಒಬ್ಬರಿಗೆ ಹಳೆ ನಾಣ್ಯ ಮಾರುವ ಆಸೆ, ಇನ್ನೊಬ್ಬರಿಗೆ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್, ಮತ್ತೊಬ್ಬರಿಗೆ ಕಾರ್ಖಾನೆಯ ಗುಜರಿ. ಎಲ್ಲರಿಗೂ ನಾನು ಹೇಳುವುದು ಒಂದೇ. ಆ್ಯಪ್ ಇಲ್ಲಿ ಸಣ್ಣ ಬಾಬತ್ತು. ಬಿಡ್ (ಕೊಳ್ಳುವವರು ಕೂಗುವ ಬೆಲೆ) ತೆಗೆದುಕೊಂಡು ದೊಡ್ಡ ಮೊತ್ತವನ್ನು ಮೇಲೆ ತೋರಿಸುವ ತಂತ್ರಾಂಶ ಈಗ ಬಾಡಿಗೆಗೂ ಸಿಗುತ್ತದೆ. ಒಂದೇ ಮಾಲಿಗೆ, ಒಂದೇ ಹೊತ್ತಿಗೆ, ನಿಜವಾಗಿ ದುಡ್ಡು ಕೊಡಬಲ್ಲ ನಾಲ್ಕು ಜನರನ್ನು ಕೂಡಿಸುವುದೇ ಕಷ್ಟದ ಕೆಲಸ. ಈ ವ್ಯವಹಾರದಲ್ಲಿ ಗೆದ್ದವರು ಗೆದ್ದದ್ದೂ ಸೋತವರು ಸೋತದ್ದೂ ಹೆಚ್ಚಾಗಿ ಅಲ್ಲೇ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು ಇಷ್ಟು: ನೀವು ಒಳಹೊರಗು ಬಲ್ಲ ಒಂದು ಮಾಲು, ಅದನ್ನು ಕೊಳ್ಳುವ ಒಂದಿಪ್ಪತ್ತು ಜನರ ಫೋನ್ ನಂಬರ್, ಮಾಲನ್ನು ನೋಡಿ ತೂಗಿ ವಿವರ ಬರೆಯಬಲ್ಲ ಒಬ್ಬ ಅನುಭವಿ, ಒಬ್ಬ ಲೆಕ್ಕಪರಿಶೋಧಕ, ಮತ್ತು ಆರು ತಿಂಗಳಾದರೂ ಕಮಿಷನ್ ನೆಚ್ಚಿಕೊಳ್ಳದೆ ನಡೆಸುವಷ್ಟು ಹಣ.

ಹಂತ 1: ಹರಾಜಿಗೆ ಒಗ್ಗುವ ಮಾಲು ಆರಿಸಿ

ಬೆಲೆ ಎಲ್ಲರಿಗೂ ಗೊತ್ತಿರುವ ವಸ್ತುವಿಗೆ ಹರಾಜು ಬೇಡ. ಹೊಸ ಮೊಬೈಲಿಗೆ ಯಾರೂ ಮೂರು ದಿನ ಕಾದು ಸವಾಲು ಹಾಕುವುದಿಲ್ಲ. ಪ್ರತಿ ಲಾಟೂ ಬೇರೆ ಬೇರೆ ಗುಣದ್ದಾಗಿದ್ದು, ಅದರ ಬೆಲೆ ಎಷ್ಟೆಂದು ಮಾರುವವರಿಗೇ ಖಚಿತವಿಲ್ಲದ ಕಡೆ ಮಾತ್ರ ಹರಾಜಿಗೆ ಕೆಲಸ. (ಒಟ್ಟಿಗೆ ಮಾರುವ ಒಂದು ಕಂತು ಮಾಲಿಗೆ ಲಾಟು ಎನ್ನುತ್ತಾರೆ.)

ಅಮೆರಿಕದ ಆನ್‌ಲೈನ್ ಹರಾಜು ಕಂಪನಿ ಇಬೇ ಶುರುವಾದದ್ದೇ ಹಾಗೆ. 1995ರ ಸೆಪ್ಟೆಂಬರಿನಲ್ಲಿ ಪಿಯರೆ ಒಮಿಡ್ಯಾರ್ ಕ್ಯಾಲಿಫೋರ್ನಿಯಾದಲ್ಲಿ 'ಆಕ್ಷನ್‌ವೆಬ್' ಎಂಬ ಹೆಸರಲ್ಲಿ ತಾಣ ತೆರೆದಾಗ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟ ಪಾಯಿಂಟರಿಗೆ ಅಂಗಡಿಯಲ್ಲಿ ಬೆಲೆಯೇ ಇಲ್ಲ. ಬೇಕೆನ್ನುವವನು ಸಿಕ್ಕಾಗ ಮಾತ್ರ ಅದಕ್ಕೊಂದು ಬೆಲೆ. ಮುಂದೆ ಅಲ್ಲಿ ಜನ ನೆರೆದದ್ದು ಬೀನಿ ಬೇಬೀಸ್ ಎಂಬ ಪುಟ್ಟ ಬೊಂಬೆ, ಹಳೆ ನಾಣ್ಯ, ಅಂಚೆಚೀಟಿ ಕೂಡಿಡುವ ಹುಚ್ಚಿನವರಿಂದ.

ನಮ್ಮ ದೇಶದಲ್ಲಿ ಗಟ್ಟಿಯಾಗಿ ನಿಂತ ಆನ್‌ಲೈನ್ ಹರಾಜುಗಳನ್ನು ನೋಡಿದರೆ ಬಹುಪಾಲು ಮನೆಮನೆಯ ಗ್ರಾಹಕರಿಗೆ ಸಂಬಂಧವೇ ಇಲ್ಲದವು. ಕೋಲ್ಕತ್ತದ ಎಂಎಸ್‌ಟಿಸಿ 1964ರಲ್ಲಿ ಲೋಹದ ಗುಜರಿಗಾಗಿ ಹುಟ್ಟಿದ ಸರ್ಕಾರಿ ಕಂಪನಿ. ಇಂದು ಇ-ಹರಾಜೇ ಅದರ ಮುಖ್ಯ ಕಸುಬು, 2019ರಲ್ಲಿ ಷೇರುಪೇಟೆಗೂ ಬಂತು. ಟಾಟಾ ಸ್ಟೀಲ್ ಮತ್ತು ಸರ್ಕಾರಿ ಉಕ್ಕು ಕಂಪನಿ ಸೇಲ್ ಸೇರಿ 2001ರಲ್ಲಿ ಕಟ್ಟಿದ ಎಂಜಂಕ್ಷನ್ ಉಕ್ಕಿನಿಂದ ಶುರುಮಾಡಿ ಕಲ್ಲಿದ್ದಲಿಗೆ ಹೋಯಿತು. ಮುಂಬೈಯ ಸ್ಯಾಫ್ರನ್‌ಆರ್ಟ್ 2000ದಿಂದ ಚಿತ್ರಕಲೆಯನ್ನು ನೆಚ್ಚಿಕೊಂಡಿದೆ. ಒಂದೊಂದು ಕಂಪನಿಯೂ ಒಂದೇ ಬಗೆಯ ಮಾಲಿನಲ್ಲಿ ಬೇರು ಬಿಟ್ಟು ಆಮೇಲೆ ಹರಡಿದ್ದು.

ಎಡವುವ ಜಾಗ: "ಎಲ್ಲವನ್ನೂ ಮಾರುತ್ತೇವೆ" ಎಂದು ಹೊರಡುವುದು. ಇಪ್ಪತ್ತು ವಿಭಾಗ ತೆರೆದು ಒಂದೊಂದರಲ್ಲಿ ಎರಡು ಲಾಟು ಇಟ್ಟರೆ ಸಂತೆ ಕೂಡುವುದಿಲ್ಲ.

ಹಂತ 2: ಕೊಳ್ಳುವವರನ್ನು ಮೊದಲು ಕೂಡಿಸಿ, ಹೊತ್ತು ಗೊತ್ತುಮಾಡಿ

ಕೊಳ್ಳುವವರಿಲ್ಲದೆ ಮಾರುವವರು ಬರುವುದಿಲ್ಲ, ಮಾರುವವರಿಲ್ಲದೆ ಕೊಳ್ಳುವವರು ಬರುವುದಿಲ್ಲ. ಈ ಗಂಟು ಬಿಚ್ಚಲು ನನ್ನ ಸಲಹೆ: ಮೊದಲ ಐದಾರು ಹರಾಜಿಗೆ ಮಾಲನ್ನು ನೀವೇ ಹೊಂದಿಸಿ, ಉಳಿದ ಶಕ್ತಿಯನ್ನೆಲ್ಲ ಕೊಳ್ಳುವವರ ಹಿಂದೆ ಹಾಕಿ. ಅವರು ಈಗಾಗಲೇ ಎಲ್ಲೋ ಕೂಡಿರುತ್ತಾರೆ: ಸಂಗ್ರಾಹಕರ ವಾಟ್ಸಾಪ್ ಗುಂಪಿನಲ್ಲಿ, ಗುಜರಿ ವ್ಯಾಪಾರಿಗಳ ಸಂಘದಲ್ಲಿ, ಟ್ರ್ಯಾಕ್ಟರ್ ಬ್ರೋಕರ್‌ಗಳ ಚಹಾದಂಗಡಿಯಲ್ಲಿ. ಅಲ್ಲಿಗೆ ನೀವೇ ಹೋಗಬೇಕು. ಜಾಹೀರಾತಿಗೆ ಸುರಿದ ಹಣದಿಂದ ನೋಡುವವರು ಬರುತ್ತಾರೆ, ಬಿಡ್ ಮಾಡುವವರು ಬರುವುದಿಲ್ಲ.

ಇನ್ನೊಂದು, ಹೊತ್ತು. ದಿನವಿಡೀ ತೆರೆದಿಟ್ಟ ಹರಾಜಿಗಿಂತ ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಗಂಟೆಗೆ ನಡೆಯುವ ಹರಾಜು ಹೊಸ ಕಂಪನಿಗೆ ಒಳ್ಳೆಯದು. ಇದ್ದ ಇಪ್ಪತ್ತೇ ಜನ ಒಂದೇ ಗಂಟೆಯಲ್ಲಿ ಕೂಡಿದರೆ ಪೈಪೋಟಿ ಹುಟ್ಟುತ್ತದೆ. ಅದೇ ಇಪ್ಪತ್ತು ಜನ ಏಳು ದಿನಕ್ಕೆ ಚದುರಿಹೋದರೆ ಒಬ್ಬರಿಗೊಬ್ಬರು ಎದುರಾಗುವುದೇ ಇಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಮ್ಮೆ ಹೋಗಿ ಬನ್ನಿ, ಈ ಲೇಖನಕ್ಕಿಂತ ಹೆಚ್ಚು ಕಲಿಯುತ್ತೀರಿ. ಗೂಡನ್ನು ಹೆಚ್ಚು ದಿನ ಇಟ್ಟರೆ ಒಳಗಿನ ಹುಳ ಚಿಟ್ಟೆಯಾಗಿ ಎಳೆ ಕೆಡಿಸಿ ಹೊರಬರುತ್ತದೆ, ಹಾಗಾಗಿ ರೈತ ಕಾಯುವಂತಿಲ್ಲ. ಲಾಟು ಸುರಿದು ನಿಂತ ರೈತನ ಎದುರು ರೀಲರ್‌ಗಳು (ಗೂಡಿನಿಂದ ನೂಲು ತೆಗೆಯುವವರು) ಹಿಡಿಗೂಡು ಕೈಗೆತ್ತಿಕೊಂಡು ಬೆರಳಲ್ಲಿ ಅದುಮುತ್ತಾರೆ, ಅಲುಗಿಸುತ್ತಾರೆ, ಕಲೆ ಬಿದ್ದವು ಎಷ್ಟಿವೆ ಎಂದು ಬಗೆದು ನೋಡುತ್ತಾರೆ. ಆಮೇಲೆ ಎರಡು ಹೆಜ್ಜೆ ಸರಿದು ಮೊಬೈಲಿನಲ್ಲಿ ದರ ಒತ್ತುತ್ತಾರೆ. ಆನ್‌ಲೈನ್ ಆದದ್ದು ಕೂಗು ಮಾತ್ರ, ಕೈ ಅಲ್ಲೇ ಉಳಿಯಿತು. ಪಕ್ಕದವನು ಎಷ್ಟು ಕೂಗಿದ ಎಂದು ಕೇಳಿಸಿಕೊಂಡು ತಮ್ಮತಮ್ಮಲ್ಲೇ ಹೊಂದಾಣಿಕೆ ಮಾಡಿಕೊಳ್ಳುವುದು ಇದರಿಂದ ಕಷ್ಟವಾಗುತ್ತದೆ. ನಿಮ್ಮ ಮಾಲಿನಲ್ಲೂ ಯಾವ ಭಾಗವನ್ನು ಪರದೆಗೆ ತರಬೇಕು, ಯಾವುದನ್ನು ಗೋದಾಮಿನಲ್ಲೇ ಬಿಡಬೇಕು ಎಂಬುದನ್ನು ಮೊದಲೇ ಯೋಚಿಸಿ.

ಹಂತ 3: ಹರಾಜಿನ ನಿಯಮಗಳನ್ನು ಬರೆದಿಡಿ

ಹೆಚ್ಚಿನವರು ಇದನ್ನು ತಂತ್ರಾಂಶ ಬರೆಯುವ ಹುಡುಗರಿಗೆ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಬೆಲೆ ನಿಂತಿರುವುದೇ ಈ ನಿಯಮಗಳ ಮೇಲೆ.

ಮೊದಲನೆಯದು ಬಿಡ್ ಏರುವ ರೀತಿ. ಇಬೇ ಬಳಸುವುದು ಪ್ರಾಕ್ಸಿ ಬಿಡ್: ಕೊಳ್ಳುವವರು ತಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಹೇಳಿಬಿಡುತ್ತಾರೆ, ಅವರ ಪರವಾಗಿ ಯಂತ್ರವೇ ಅಗತ್ಯವಿದ್ದಷ್ಟು ಮಾತ್ರ ಏರಿಸುತ್ತಾ ಹೋಗುತ್ತದೆ. ಒಂದು ಹಳೆ ಗ್ರಾಮಫೋನಿಗೆ ನೀವು ₹5,000 ಎಂದು ಒಳಗಿಟ್ಟಿದ್ದೀರಿ, ಇನ್ನೊಬ್ಬರು ₹3,500 ಇಟ್ಟಿದ್ದಾರೆ, ಏರಿಕೆಯ ಹೆಜ್ಜೆ ₹100 ಎಂದುಕೊಳ್ಳಿ. ಗ್ರಾಮಫೋನು ನಿಮ್ಮದಾಗುತ್ತದೆ, ಆದರೆ ಕೊಡಬೇಕಾದದ್ದು ₹3,600. ಮನಸ್ಸಿನಲ್ಲಿರುವ ನಿಜವಾದ ಮೊತ್ತ ಹೇಳಿದರೂ ಮೋಸ ಹೋಗುವುದಿಲ್ಲ ಎಂಬ ಧೈರ್ಯ ಬರುವುದು ಇದರಿಂದ. ಆದರೆ ಆ ಗುಟ್ಟಿನ ₹5,000 ನಿಮ್ಮ ಕಂಪನಿಯ ಒಳಗಿನವರಿಗೆ ಕಾಣುವಂತಿದ್ದರೆ ಇಡೀ ಏರ್ಪಾಡು ಕುಸಿಯುತ್ತದೆ. ಯಾರಿಗೂ ಕಾಣದಂತೆ ಮಾಡಿಸಿ, ಕಾಣುವುದಿಲ್ಲ ಎಂದು ಲಿಖಿತವಾಗಿ ಹೇಳಿ.

ಎರಡನೆಯದು ಮುಗಿಯುವ ಗಳಿಗೆ. ಗಡಿಯಾರ ನಿಂತಕೂಡಲೇ ಹರಾಜು ಮುಗಿಯುವುದಾದರೆ ಜನ ಕೊನೆಯ ಐದು ಸೆಕೆಂಡಿಗೆ ಹೊಂಚುಹಾಕುತ್ತಾರೆ. ಇದಕ್ಕೆ ಸ್ನೈಪಿಂಗ್ ಎನ್ನುತ್ತಾರೆ. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆ್ಯಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬೇಯನ್ನೂ ಅಂದಿನ ಅಮೆಜಾನ್ ಹರಾಜನ್ನೂ ಹೋಲಿಸಿದ್ದರು. ಕೊನೆ ಗಳಿಗೆಯಲ್ಲಿ ಬಿಡ್ ಬಂದರೆ ಸಮಯ ತಾನಾಗಿ ಮುಂದಕ್ಕೆ ಹೋಗುವ ನಿಯಮ ಅಮೆಜಾನಿನಲ್ಲಿತ್ತು. ಅಲ್ಲಿ ಈ ಹೊಂಚು ತೀರಾ ಕಡಿಮೆ. ಹಳ್ಳಿಯ ಹರಾಜಿನಲ್ಲಿ "ಒಂದು ಸಲ, ಎರಡು ಸಲ" ಎಂದು ಕೂಗಿ ಮೂರಕ್ಕೆ ಮುನ್ನ ಯಾರಾದರೂ ಕೈ ಎತ್ತಿದರೆ ಮತ್ತೆ ಒಂದರಿಂದ ಶುರುಮಾಡುವುದೂ ಇದೇ. ವ್ಯಾಪಾರಿಗಳೇ ಕೊಳ್ಳುವ ಮಾಲಿಗೆ ಸಮಯ ಮುಂದಕ್ಕೆ ಹೋಗುವ ನಿಯಮವನ್ನೇ ಇಡಿ. ಮೂರು ನಿಮಿಷ ಸಾಕು.

ಮೂರನೆಯದು ರಿಸರ್ವ್ ಬೆಲೆ, ಅಂದರೆ ಅದಕ್ಕಿಂತ ಕೆಳಗೆ ಕೊಡಲಾರೆ ಎಂದು ಮಾರುವವರು ಹಾಕುವ ಕೆಳಮಿತಿ. ಮಾರುವವರು ಆಸೆಯಿಂದ ಇದನ್ನು ಎತ್ತರಕ್ಕೆ ಇಡುತ್ತಾರೆ. ಲಾಟಿನ ಮೇಲೆ ಲಾಟು 'ಮಾರಾಟವಾಗಲಿಲ್ಲ' ಎಂದು ಮುಗಿದರೆ ಕೊಳ್ಳುವವರು ಮುಂದಿನ ವಾರ ಫೋನ್ ತೆರೆಯುವುದಿಲ್ಲ. ಹತ್ತರಲ್ಲಿ ಆರೇಳಾದರೂ ಮಾರಾಟವಾಗದಿದ್ದರೆ ರಿಸರ್ವ್ ವಿಷಯದಲ್ಲಿ ನೀವು ಮೆತ್ತಗಿದ್ದೀರಿ ಎಂದರ್ಥ. ಇದು ನನ್ನ ಅಂದಾಜು, ಮಾಲಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ.

ನಾಲ್ಕನೆಯದು ಸರ್ವರ್ ಬಿದ್ದರೆ ಏನು ಎಂಬುದು. 1999ರ ಜೂನಿನಲ್ಲಿ ಇಬೇ ಸುಮಾರು 22 ಗಂಟೆ ನಿಂತುಹೋಗಿತ್ತು. ನಡೆಯುತ್ತಿದ್ದ ಹರಾಜುಗಳ ಶುಲ್ಕವನ್ನು ಕಂಪನಿ ಬಿಟ್ಟುಕೊಡಬೇಕಾಯಿತು. ಹರಾಜಿನ ನಡುವೆ ತಾಣ ಬಿದ್ದರೆ ಸಮಯ ಎಷ್ಟು ಮುಂದೂಡುತ್ತೀರಿ, ಯಾವ ಬಿಡ್ ಉಳಿಯುತ್ತದೆ, ಯಾವುದು ರದ್ದು ಎಂದು ಇವತ್ತೇ ಬರೆದಿಡಿ. ಬಿದ್ದಮೇಲೆ ಬರೆದ ನಿಯಮವನ್ನು ಯಾರೂ ನಂಬುವುದಿಲ್ಲ.

ಹಂತ 4: ನಂಬಿಕೆ ಮತ್ತು ದುಡ್ಡಿನ ದಾರಿ

ಇಬೇ 1996ರಲ್ಲಿ ತಂದ ಫೀಡ್‌ಬ್ಯಾಕ್ ವ್ಯವಸ್ಥೆ ಎಲ್ಲರಿಗೂ ಗೊತ್ತು: ವ್ಯವಹಾರ ಮುಗಿದಮೇಲೆ ಕೊಂಡವರೂ ಮಾರಿದವರೂ ಪರಸ್ಪರ ಅಂಕ ಕೊಡುವುದು. ಆದರೆ "ನೀನು ನನಗೆ ಕೆಟ್ಟ ಅಂಕ ಕೊಟ್ಟರೆ ನಾನೂ ಕೊಡುತ್ತೇನೆ" ಎಂಬ ಸೇಡು ಶುರುವಾಗಿ, 2008ರಲ್ಲಿ ಮಾರುವವರು ಕೊಳ್ಳುವವರಿಗೆ ಕೆಟ್ಟ ಅಂಕ ಕೊಡುವುದನ್ನೇ ನಿಲ್ಲಿಸಬೇಕಾಯಿತು. ನೀವು ಮೊದಲಿಂದಲೇ ಒಂದು ಕಡೆಯ ಅಂಕವನ್ನಷ್ಟೇ ಇಡಿ. ಕೊಳ್ಳುವವರನ್ನು ಹಿಡಿತದಲ್ಲಿಡಲು ಅಂಕಕ್ಕಿಂತ ಠೇವಣಿ ಗಟ್ಟಿ. ಇದನ್ನು ಇಎಂಡಿ ಎನ್ನುತ್ತಾರೆ: ಬಿಡ್ ಮಾಡುವ ಮುನ್ನ ಇಡುವ ಹಣ, ಗೆದ್ದೂ ಮಾಲು ಎತ್ತದಿದ್ದರೆ ಮುಟ್ಟುಗೋಲು. ಗುಜರಿ, ವಾಹನದಂಥ ಮಾಲಿಗೆ ಇದಿಲ್ಲದೆ ಇಳಿಯಲೇಬೇಡಿ.

ದುಡ್ಡು ನಡುವೆ ಯಾರ ಕೈಯಲ್ಲಿರಬೇಕು ಎಂಬುದು ಅದಕ್ಕಿಂತ ದೊಡ್ಡ ವಿಷಯ. ಚೀನಾದಲ್ಲಿ ಅಲಿಬಾಬಾ ಕಂಪನಿಯ ಮಾರಾಟ ತಾಣ ತಾವೊಬಾವೊ ತಂದ ಅಲಿಪೇ ಒಂದು ಎಸ್ಕ್ರೋ ವ್ಯವಸ್ಥೆ: ಕೊಂಡವರ ಹಣ ಮೂರನೆಯವರ ಬಳಿ ನಿಂತಿರುತ್ತದೆ, ಮಾಲು ತಲುಪಿ ಸರಿಯಿದೆ ಎಂದಮೇಲೆ ಮಾರಿದವರಿಗೆ ಹೋಗುತ್ತದೆ. ಮುಖ ನೋಡದವರ ನಡುವೆ ವ್ಯಾಪಾರ ಕುದುರಲು ಇದು ದೊಡ್ಡ ಆಸರೆಯಾಯಿತು. ಇಬೇ ಕೂಡ 2002ರಲ್ಲಿ 150 ಕೋಟಿ ಡಾಲರ್ ಮೌಲ್ಯಕ್ಕೆ ಆನ್‌ಲೈನ್ ಪಾವತಿಯ ಕಂಪನಿ ಪೇಪಾಲ್ ಕೊಂಡದ್ದು ಸುಮ್ಮನೆ ಅಲ್ಲ.

ಭಾರತದಲ್ಲಿ ಇತರರ ಹಣವನ್ನು ನಿಮ್ಮ ಕರೆಂಟ್ ಅಕೌಂಟಿನಲ್ಲಿ ಹಿಡಿದಿಟ್ಟುಕೊಂಡು ಹಂಚುವ ಯೋಚನೆ ಬಿಡಿ. ಆರ್‌ಬಿಐ ಅನುಮತಿ ಇರುವ ಪೇಮೆಂಟ್ ಅಗ್ರಿಗೇಟರ್, ಅಂದರೆ ಕೊಂಡವರ ಹಣ ಪಡೆದು ಮಾರಿದವರಿಗೆ ತಲುಪಿಸುವ ಕಂಪನಿಯ ಮೂಲಕ, ಅವರ ಎಸ್ಕ್ರೋ ಖಾತೆಯ ದಾರಿಯಲ್ಲೇ ಹಣ ಹರಿಯಲಿ.

ಕರ್ನಾಟಕದ ಅನುಭವವನ್ನೂ ಇಲ್ಲಿ ಗಮನಿಸಿ. ರಾಜ್ಯ ಸರ್ಕಾರ ಕೃಷಿ ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಸಮೂಹದ ಕಂಪನಿಯೊಂದಿಗೆ ಸೇರಿ ಕಟ್ಟಿದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಕಂಪನಿ, ಅಂದರೆ ರೆಮ್ಸ್, 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ತೆರೆಯಿತು. ಎರಡು ವರ್ಷದ ಬಳಿಕ ಬಂದ ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್‌ಗೂ ಇಲ್ಲಿನ ಪ್ರಯೋಗ ಒಂದು ಮಾದರಿಯಾಗಿತ್ತು. ಎಪಿಎಂಸಿ ಯಾರ್ಡುಗಳಲ್ಲಿ ದರ ನಮೂದಿಸುವುದು ಆನ್‌ಲೈನ್ ಆಯಿತು, ಆದರೆ ಹಣ ಪಾವತಿ ಅಷ್ಟು ಸಲೀಸಾಗಿ ಬದಲಾಗಲಿಲ್ಲ. ಮದುವೆಗೋ ಗೊಬ್ಬರಕ್ಕೋ ಮುಂಗಡ ಕೊಟ್ಟ ದಲಾಲರ ಜೊತೆ ರೈತನಿಗೆ ಹಳೆಯ ಲೆಕ್ಕವಿರುತ್ತದೆ. ವ್ಯಾಪಾರಿಗೂ ವಾರ ಹದಿನೈದು ದಿನದ ಉದ್ದರಿ ಬೇಕು. ನಿಮ್ಮ ಮಾಲಿನ ಪೇಟೆಯಲ್ಲಿ ಸಾಲ ಕೊಡುತ್ತಿರುವವರು ಯಾರೆಂದು ಮೊದಲು ತಿಳಿಯಿರಿ. ಅವರನ್ನು ದಾಟಿಹೋಗಬೇಕೆಂದರೆ ಆ ಸಾಲವನ್ನೂ ನೀವೋ ನಿಮ್ಮ ಜೊತೆಗಿರುವ ಬ್ಯಾಂಕೋ ಕೊಡಬೇಕಾಗುತ್ತದೆ.

ಎಚ್ಚರಿಕೆ: ಶಿಲ್ ಬಿಡ್ಡಿಂಗ್. ಮಾರುವವರೇ ಬೇರೆ ಹೆಸರಲ್ಲಿ ಬಿಡ್ ಮಾಡಿ ಬೆಲೆ ಏರಿಸುವುದಕ್ಕೆ ಈ ಹೆಸರು. 2000ದಲ್ಲಿ ಅಮೆರಿಕದ ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್ ಕೈಯದ್ದೆಂದು ತೋರುವಂತೆ ಇಬೇಯಲ್ಲಿ ಇಟ್ಟ ಚಿತ್ರವೊಂದಕ್ಕೆ 1,35,805 ಡಾಲರ್‌ವರೆಗೆ ಬಿಡ್ ಬಂದು, ಮಾರುವವನೇ ಬಿಡ್ ಮಾಡಿದ್ದು ಗೊತ್ತಾಗಿ ಮಾರಾಟ ರದ್ದಾಯಿತು, ಮೊಕದ್ದಮೆಯೂ ನಡೆಯಿತು. ಒಂದೇ ಫೋನು, ಒಂದೇ ವಿಳಾಸ, ಒಂದೇ ಬ್ಯಾಂಕ್ ಖಾತೆಯಿಂದ ಎರಡು ಕಡೆಯ ಬಿಡ್ ಬರುತ್ತಿದೆಯೇ ಎಂದು ವಾರವಾರ ತಪಾಸಣೆ ಮಾಡಿಸಿ. ಹರಾಜು ಕಳೆಗಟ್ಟಲೆಂದು ನಿಮ್ಮ ಸಿಬ್ಬಂದಿಯಿಂದಲೇ ಬಿಡ್ ಹಾಕಿಸುವ ಆಸೆ ಬಂದರೆ ಅಂದೇ ಅಂಗಡಿ ಮುಚ್ಚುವುದು ವಾಸಿ.

ಹಂತ 5: ಕಮಿಷನ್ ಎಷ್ಟು, ಯಾವಾಗ

ಒಮಿಡ್ಯಾರ್ ಶುಲ್ಕ ಶುರುಮಾಡಿದ್ದು ಇಂಟರ್ನೆಟ್ ಕಂಪನಿಯ ತಿಂಗಳ ಬಿಲ್ಲು 250 ಡಾಲರಿಗೆ ಏರಿದ್ದರಿಂದ. ಮಾರಾಟವಾದ ಮೇಲೆ ಸಣ್ಣ ಪಾಲು ಕಳಿಸಿ ಎಂದರು. ಜನ ಅಂಚೆಯಲ್ಲಿ ಚೆಕ್ ಕಳಿಸಿದರು. ಆ ಹೊತ್ತಿಗಾಗಲೇ ಅಲ್ಲಿ ಮಾಲು ಮಾರಾಟವಾಗುತ್ತಿತ್ತು ಎಂಬುದನ್ನು ಗಮನಿಸಿ.

ಶುಲ್ಕದಲ್ಲಿ ಎರಡು ಬಗೆ: ಮಾಲು ಪಟ್ಟಿಗೆ ಹಾಕುವಾಗಲೇ ತೆಗೆದುಕೊಳ್ಳುವುದು, ಮಾರಾಟವಾದ ಮೇಲೆ ಶೇಕಡಾವಾರು ತೆಗೆದುಕೊಳ್ಳುವುದು. ಹೊಸಬರು ಎರಡನೆಯದನ್ನಷ್ಟೇ ಇಟ್ಟುಕೊಳ್ಳಿ. ಆದರೆ ಲೆಕ್ಕ ಹಾಕಿ ಇಡಿ. ₹12,000ಕ್ಕೆ ಹೋದ ಲಾಟಿಗೆ ಶೇ 5ರಂತೆ ನಿಮ್ಮ ಪಾಲು ₹600. ಅದರ ಮೇಲಿನ ಶೇ 18 ಜಿಎಸ್‌ಟಿ ₹108 ಸರ್ಕಾರದ್ದು, ಅದನ್ನು ಬೇರೆಯಾಗಿ ವಸೂಲಿ ಮಾಡಿ ಕಟ್ಟಬೇಕು. ಪೇಮೆಂಟ್ ಗೇಟ್‌ವೇ ಪೂರ್ತಿ ₹12,000ದ ಮೇಲೆ ಶೇ 2 ತೆಗೆದುಕೊಂಡರೆ ₹240 ಹೋಯಿತು. ಉಳಿದ ₹360ರಲ್ಲಿ ಫೋಟೊ, ತಪಾಸಣೆ, ಫೋನ್ ಕರೆ, ಜಗಳ ಬಿಡಿಸುವುದು ಎಲ್ಲ ಆಗಬೇಕು. ₹1,200ರ ಲಾಟಿಗೂ ಅಷ್ಟೇ ಕೆಲಸ, ಕೈಗೆ ಉಳಿಯುವುದು ₹36. ಕಡಿಮೆ ಬೆಲೆಯ ಮಾಲಿಗೆ ಕನಿಷ್ಠ ಶುಲ್ಕ ಇಡಿ, ಇಲ್ಲವೇ ಹಲವನ್ನು ಸೇರಿಸಿ ಒಂದು ಲಾಟು ಮಾಡಿ.

"ಪುಕ್ಕಟೆ ಕೊಟ್ಟರೆ ಎಲ್ಲರೂ ನಮ್ಮ ಕಡೆ ಬರುತ್ತಾರಲ್ಲವೇ?" ಎಂಬ ಪ್ರಶ್ನೆಯೂ ಬರುತ್ತದೆ. ಅಮೆರಿಕದಲ್ಲಿ ಯಾಹೂ ಹರಾಜು ಮೊದಮೊದಲು ಪುಕ್ಕಟೆಯೇ ಇತ್ತು, ಆದರೂ ಇಬೇಯನ್ನು ಅಲುಗಿಸಲಾಗದೆ 2007ರಲ್ಲಿ ಮುಚ್ಚಿತು. ಜಪಾನಿನಲ್ಲಿ ಅದೇ ಹೆಸರಿನ ಯಾಹೂ ಜಪಾನ್, ಇಬೇಗಿಂತ ಕೆಲವು ತಿಂಗಳು ಮೊದಲೇ, 1999ರಲ್ಲಿ ಪುಕ್ಕಟೆಯಾಗಿ ಶುರುಮಾಡಿ ಗೆದ್ದಿತು; ಇಬೇ 2002ರಲ್ಲಿ ಅಲ್ಲಿಂದ ಜಾಗ ಖಾಲಿ ಮಾಡಿತು. ನನಗೆ ಕಾಣುವುದು ಇಷ್ಟೇ: ಜನ ಇನ್ನೂ ಎಲ್ಲೂ ನೆಲೆ ನಿಲ್ಲದಿದ್ದಾಗ ಪುಕ್ಕಟೆ ಕೆಲಸ ಮಾಡುತ್ತದೆ. ಕೂಡಿದ ಸಂತೆಯನ್ನು ಕೀಳುವ ಶಕ್ತಿ ಅದಕ್ಕಿಲ್ಲ.

ಪೆನ್ನಿ ಹರಾಜು ಎಂಬ ಮಾದರಿಯ ಬಗ್ಗೆಯೂ ಕೆಲವರು ಕೇಳುತ್ತಾರೆ. ಪ್ರತಿ ಸಲ ಬಿಡ್ ಒತ್ತಿದಾಗಲೂ ದುಡ್ಡು, ಗೆದ್ದವನಿಗೆ ಮಾಲು, ಸೋತವರಿಗೆ ಏನೂ ಇಲ್ಲ. ಜರ್ಮನಿಯ ಸ್ವೂಪೊ ಇದರಿಂದ ಸುದ್ದಿ ಮಾಡಿ 2011ರಲ್ಲಿ ದಿವಾಳಿಯಾಯಿತು. ಇದು ಜೂಜಿನ ಪಕ್ಕದ ಮನೆ. ಹತ್ತಿರ ಸುಳಿಯಬೇಡಿ.

ಹಂತ 6: ಕಾಗದಪತ್ರ

ಬೇಗ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಮ್ಮ ಲೆಕ್ಕಪರಿಶೋಧಕರು ನೋಡಿಕೊಳ್ಳಲಿ. ಮಾರುವವರ ಹಣ ನಿಮ್ಮ ಮೂಲಕ ಹೋಗುವುದಾದರೆ ಜಿಎಸ್‌ಟಿ ಅಡಿ ಟಿಸಿಎಸ್ (ಮಾರುವವರ ಹಣದಿಂದಲೇ ಮುರಿದುಕೊಂಡು ಕಟ್ಟುವ ತೆರಿಗೆ) ಹಿಡಿಯಬೇಕು. 2024ರ ಜುಲೈಯಿಂದ ಅದು ಶೇ 0.5. ಆದಾಯ ತೆರಿಗೆಯ ಟಿಡಿಎಸ್ ಬೇರೆ, 2024ರ ಅಕ್ಟೋಬರಿನಿಂದ ಶೇ 0.1. ದರಗಳು ಬದಲಾಗುತ್ತಿರುತ್ತವೆ, ಶುರುಮಾಡುವ ದಿನ ಮತ್ತೆ ವಿಚಾರಿಸಿ. ಗ್ರಾಹಕರಿಗೆ ಮಾರುವುದಾದರೆ 2020ರ ಇ-ಕಾಮರ್ಸ್ ನಿಯಮಗಳಂತೆ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೃಷಿ ಉತ್ಪನ್ನವಾದರೆ ಎಪಿಎಂಸಿ ಪರವಾನಗಿ, ಪುರಾತನ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆ.

ಯಾರೋ ಪಟ್ಟಿಗೆ ಹಾಕಿದ ಮಾಲಿಗೆ ನಾವು ಹೊಣೆಯಲ್ಲ ಎಂದು ಕೂರಬೇಡಿ. 2004ರ ಡಿಸೆಂಬರಿನಲ್ಲಿ ಭಾರತದ ಹರಾಜು ತಾಣ ಬಾಜೀ ಡಾಟ್ ಕಾಮ್‌ನಲ್ಲಿ ಬಳಕೆದಾರನೊಬ್ಬ ಅಶ್ಲೀಲ ವಿಡಿಯೊ ಮಾರಾಟಕ್ಕಿಟ್ಟಿದ್ದಕ್ಕೆ ಕಂಪನಿಯ ಮುಖ್ಯಸ್ಥರೇ ಬಂಧನಕ್ಕೊಳಗಾದರು. ಆಮೇಲೆ ಐಟಿ ಕಾಯ್ದೆಗೆ ತಿದ್ದುಪಡಿಯಾಗಿ ವೇದಿಕೆಗಳಿಗೆ ರಕ್ಷಣೆ ಹೆಚ್ಚಿತು, ಆದರೆ ಅದು ಷರತ್ತಿನ ರಕ್ಷಣೆ. ಕಾನೂನುಬದ್ಧ ಸೂಚನೆ ಬಂದಕೂಡಲೇ ತೆಗೆಯಬೇಕು, ತೆಗೆಯಲು ರಾತ್ರಿಯೂ ಒಬ್ಬರು ಇರಬೇಕು.

ಹಂತ 7: ಬೆಳೆಯುವಾಗ ಹರಾಜನ್ನೇ ಪೂಜಿಸಬೇಡಿ

ಇಬೇ 2000ದಲ್ಲೇ 'ಈಗಲೇ ಕೊಳ್ಳಿ' ಗುಂಡಿ ತಂದಿತು. ಇಂದು ಅಲ್ಲಿನ ವ್ಯಾಪಾರದ ಬಹುಪಾಲು ನಿಗದಿತ ಬೆಲೆಯದು. ಒಂದೇ ಬಗೆಯ ಮಾಲು ನೂರಾರು ಸಲ ಮಾರಾಟವಾದ ಮೇಲೆ ಅದರ ಬೆಲೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಆಮೇಲೆ ಹರಾಜು ಬರೀ ಕಾಯಿಸುವ ಕೆಲಸ. ನಿಮ್ಮ ದಾಖಲೆಯಲ್ಲೂ ಬೆಲೆ ಹೆಚ್ಚು ಹೊಯ್ದಾಡದ ಮಾಲು ಯಾವುದೆಂದು ಹುಡುಕಿ, ಅದನ್ನು ನಿಗದಿತ ಬೆಲೆಗೆ ಬದಲಿಸಿ.

ಹೂಡಿಕೆದಾರರು ಜಿಎಂವಿ ಕೇಳುತ್ತಾರೆ, ಅಂದರೆ ನಿಮ್ಮ ವೇದಿಕೆಯಲ್ಲಿ ಮಾರಾಟವಾದ ಒಟ್ಟು ಮಾಲಿನ ಮೌಲ್ಯ. ಅದು ನಿಮ್ಮ ಆದಾಯವಲ್ಲ. ನೀವು ನೋಡಬೇಕಾದದ್ದು ಬೇರೆ: ಒಂದು ಲಾಟಿಗೆ ಸರಾಸರಿ ಎಷ್ಟು ಬೇರೆಬೇರೆ ಜನ ಬಿಡ್ ಮಾಡಿದರು, ಗೆದ್ದವರಲ್ಲಿ ಎಷ್ಟು ಜನ ಮಾಲು ಎತ್ತಿದರು, ಸೋತವರು ಮುಂದಿನ ವಾರ ಮತ್ತೆ ಬಂದರೇ. ಕೊನೆಯದನ್ನು ಹೆಚ್ಚಿನವರು ಅಳೆಯುವುದೇ ಇಲ್ಲ. ಪೈಪೋಟಿ ಕೊಡುವವರೇ ಅವರು, ಅವರು ಹೋದರೆ ಗೆಲ್ಲುವವನು ತಳಬೆಲೆಗೆ ಗೆಲ್ಲುತ್ತಾನೆ. ಸೋತವರಿಗೆ ಅದೇ ಸಂಜೆ ಅಂಥದ್ದೇ ಇನ್ನೊಂದು ಲಾಟಿನ ಸಂದೇಶ ಕಳಿಸಿ.

ಬೇರೆ ಕಂಪನಿ ಕೊಳ್ಳುವಷ್ಟು ಹಣ ಬಂದಾಗ ತೂಗಿನೋಡಿ. ಪೇಪಾಲ್ ಹರಾಜಿನ ಹಣವನ್ನೇ ಸಾಗಿಸುತ್ತಿದ್ದ ಕಂಪನಿ, ಹೊಂದಿಕೊಂಡಿತು. ಇಬೇ 2005ರಲ್ಲಿ 260 ಕೋಟಿ ಡಾಲರಿಗೆ ಕೊಂಡ ಇಂಟರ್ನೆಟ್ ಕರೆಯ ಕಂಪನಿ ಸ್ಕೈಪ್‌ಗೆ ಹರಾಜಿನಲ್ಲಿ ಏನು ಕೆಲಸ ಎಂಬುದು ಯಾರಿಗೂ ಸ್ಪಷ್ಟವಾಗಲಿಲ್ಲ. 2009ರಲ್ಲಿ ಬಹುಪಾಲನ್ನು ಮಾರಿದರು.

ಹಂತ 8: ಎರಡನೇ ಊರು

ಮೊದಲ ಊರಿನಲ್ಲಿ ಗೆದ್ದ ನಿಯಮವನ್ನು ಹಾಗೇ ಹೊತ್ತುಕೊಂಡು ಹೋಗುವುದು ಈ ವ್ಯವಹಾರದ ದುಬಾರಿ ತಪ್ಪು. ಇಬೇ ಚೀನಾದಲ್ಲಿ ಶಾಂಘೈನ ಈಚ್‌ನೆಟ್ ಎಂಬ ಮುಂಚೂಣಿಯ ಕಂಪನಿಯನ್ನೇ 2002 ಮತ್ತು 2003ರಲ್ಲಿ ಎರಡು ಕಂತಿನಲ್ಲಿ, ಒಟ್ಟು 18 ಕೋಟಿ ಡಾಲರಿಗೆ ಕೊಂಡಿತ್ತು. ಆಮೇಲೆ ಆ ತಾಣವನ್ನು ತನ್ನ ಜಾಗತಿಕ ವ್ಯವಸ್ಥೆಗೆ ಸ್ಥಳಾಂತರಿಸಿತು. ಕಮಿಷನ್ ತಪ್ಪಿಸಿಕೊಳ್ಳುತ್ತಾರೆಂದು ಕೊಳ್ಳುವವರೂ ಮಾರುವವರೂ ಮೊದಲೇ ನೇರವಾಗಿ ಮಾತಾಡದಂತೆ ನೋಡಿಕೊಂಡಿತು. 2003ರಲ್ಲಿ ಬಂದ ತಾವೊಬಾವೊ ಶುಲ್ಕವಿಲ್ಲದೆ ಶುರುಮಾಡಿ, ಜೊತೆಗೆ ಚೌಕಾಸಿ ಮಾಡಲು ಚಾಟ್ ಕಿಟಕಿಯನ್ನೂ ಕೊಟ್ಟಿತು. 2006ರ ಕೊನೆಗೆ ಇಬೇ ಅಲ್ಲಿನ ತನ್ನ ತಾಣವನ್ನು ಸ್ಥಳೀಯ ಪಾಲುದಾರರಿಗೆ ಒಪ್ಪಿಸಿತು. ಭಾರತದಲ್ಲೂ 2004ರಲ್ಲಿ ಸುಮಾರು 5 ಕೋಟಿ ಡಾಲರಿಗೆ ಬಾಜೀಯನ್ನು ಕೊಂಡು, 2017ರಲ್ಲಿ ಇಲ್ಲಿನ ವ್ಯವಹಾರವನ್ನು ಫ್ಲಿಪ್‌ಕಾರ್ಟ್‌ಗೆ ಕೊಟ್ಟಿತು. ಮರುವರ್ಷ ಆಗಸ್ಟಿನಲ್ಲಿ ಆ ತಾಣ ಮುಚ್ಚಿತು.

ದೇಶ ದಾಟುವುದು ದೂರದ ಮಾತು, ಜಿಲ್ಲೆ ದಾಟಿದರೂ ಇದೇ ಪಾಡು. ಅಡಿಕೆಯನ್ನೇ ತೆಗೆದುಕೊಳ್ಳಿ. ಶಿರಸಿಯ ದರ್ಜೆಗಳ ಪಟ್ಟಿಯಲ್ಲಿ ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು. ಶಿವಮೊಗ್ಗಕ್ಕೆ ಬಂದರೆ ಸರಕು, ಬೆಟ್ಟೆ, ರಾಶಿ, ಗೊರಬಲು. ಪುತ್ತೂರಿನ ಕಡೆ ಇಳಿದರೆ ಹೊಸ ಅಡಿಕೆ, ಹಳೆ ಅಡಿಕೆ ಎಂಬುದೇ ದೊಡ್ಡ ಭೇದ. ಶಿರಸಿಗೆಂದು ಮಾಡಿದ ಫಾರಂ ಪುತ್ತೂರಿನಲ್ಲಿ ತೆರೆದರೆ ಮಾರುವವರು ಸಿಕ್ಕಿದ್ದನ್ನು ಒತ್ತುತ್ತಾರೆ, ಕೊಂಡವರು ಮಾಲು ಬಿಚ್ಚಿ ನೋಡಿ ವಾಪಸ್ ಕಳಿಸುತ್ತಾರೆ. ಆ ಊರಿನ ಮಂಡಿಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವರೊಬ್ಬರನ್ನು ಸಂಬಳಕ್ಕೆ ತೆಗೆದುಕೊಳ್ಳಿ. ದರ್ಜೆಯ ಪಟ್ಟಿ, ತೂಕದ ಕಳೆತ, ಪಾವತಿಯ ಗಡುವು ಮೂರನ್ನೂ ಅವರ ಕೈಯಿಂದಲೇ ಬರೆಸಿ, ಆಮೇಲೆ ಮೊದಲ ಲಾಟು ಇಳಿಸಿ.